ದುಡ್ಡು ಕೊಟ್ಟು ಕೊಂಡ ಅನುಮಾನ

ಕೆಲಸಕ್ಕೆ ದೊಡ್ಡ ಹತಾರ, ಆಟಕ್ಕೆ ಸಣ್ಣದು. ಹೀಗೊಂದು ನಿಯಮವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಹೆಚ್ಚುಕಡಿಮೆ ಎಲ್ಲರೂ ಪಾಲಿಸುತ್ತಾರೆ. ಹೊಟ್ಟೆಪಾಡಿಗೆ ಮೀನು ಹಿಡಿಯುವವನು ಬಲೆ ಬೀಸುತ್ತಾನೆ. ಭಾನುವಾರದ ಖುಷಿಗೆ ಹೊಳೆದಂಡೆಯಲ್ಲಿ ಕೂತವನು ಗಾಳದ ದಾರ ತೆಳುವಾದಷ್ಟೂ ತನ್ನ ಮರ್ಯಾದೆ ಹೆಚ್ಚಿತೆಂದುಕೊಳ್ಳುತ್ತಾನೆ. ಮೀನು ತಪ್ಪಿಸಿಕೊಂಡರೆ ಮೊದಲನೆಯವನ ಮನೆಯಲ್ಲಿ ಅಂದು ಸಾರಿಲ್ಲ. ಎರಡನೆಯವನಿಗೆ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತು.

ನಾನು ಈ ಎರಡನೆಯವರ ಸಾಲಿಗೆ ಸೇರಿದ್ದು ಗಾಳದಿಂದಲ್ಲ, ಕೋವಿಯಿಂದ. ಒಹಾಯೊ ರಾಜ್ಯದ ನೈರುತ್ಯ ಮೂಲೆಯಲ್ಲಿ, ಸಿನ್ಸಿನಾಟಿ ನಗರ ಮುಗಿದು ಜೋಳದ ಹೊಲಗಳು ಶುರುವಾಗುವ ಕಡೆ, ನಾವೊಂದಿಷ್ಟು ಜನ ಶನಿವಾರದ ಬೆಳಿಗ್ಗೆ ಸೇರುತ್ತೇವೆ. ಹೆಚ್ಚಿನವರು ನಿವೃತ್ತರು. ಒಬ್ಬರು ಹಲ್ಲಿನ ಡಾಕ್ಟರಾಗಿದ್ದವರು, ಇನ್ನೊಬ್ಬರು ಶಾಲೆಯ ಬಸ್ಸು ಓಡಿಸಿದವರು. ಎಲ್ಲರ ಕಿವಿಗೂ ಮುಚ್ಚಳ, ಕಣ್ಣಿಗೆ ಕನ್ನಡಕ. ತೋಟೆ ಹಾಕುವ ಗಳಿಗೆಯವರೆಗೆ ಕೋವಿಯನ್ನು ನಡುವೆ ಮಡಚಿ, ಬಾಯಿ ತೆರೆದೇ ಹಿಡಿದಿರಬೇಕು. ಇದರಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಸರದಿ ಬಂದವರು ಮುಂದೆ ನಿಂತು 'ಪುಲ್' ಎಂದು ಕೂಗುತ್ತಾರೆ. ಪೊದೆಯ ಹಿಂದಿನ ಯಂತ್ರ ಅಂಗೈಯಗಲದ ಕಿತ್ತಳೆ ಬಣ್ಣದ ಬಿಲ್ಲೆಯೊಂದನ್ನು ಆಕಾಶಕ್ಕೆ ಚಿಮ್ಮುತ್ತದೆ. ಈಡು ಹಾರುತ್ತದೆ. ಬಿಲ್ಲೆ ಪುಡಿಯಾಗುತ್ತದೆ, ಇಲ್ಲವೇ ಯಾವ ಗಡಿಬಿಡಿಯೂ ಇಲ್ಲದೆ ಹೋಗಿ ಹುಲ್ಲಿನಲ್ಲಿ ಇಳಿಯುತ್ತದೆ. ಎಷ್ಟು ಒಡೆದವು, ಎಷ್ಟು ತಪ್ಪಿದವು ಎಂದು ಬರೆದಿಡುವ ಪುಸ್ತಕ ನಮ್ಮಲ್ಲಿಲ್ಲ. ಇರುವುದು ಒಂದೇ ಅಲಿಖಿತ ಕಟ್ಟಳೆ: 12 ಗೇಜಿನ ಕೋವಿಯನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಈ ಗೇಜಿನ ಲೆಕ್ಕವೇ ತಲೆಕೆಳಗು. ನಳಿಗೆಯ ಒಳಗಲಕ್ಕೆ ಸರಿಯಾಗಿ ಕೂರುವ ಸೀಸದ ಗುಂಡುಗಳನ್ನು ತೂಗಿ, ಒಂದು ಪೌಂಡಿಗೆ ಎಷ್ಟು ಬಂದವೆಂದು ಎಣಿಸುವುದು ಹಳೆಯ ಇಂಗ್ಲಿಷರ ಪದ್ಧತಿ. ಹನ್ನೆರಡು ಬಂದರೆ 12 ಗೇಜು, ಇಪ್ಪತ್ತೆಂಟು ಬಂದರೆ 28. ಆದ್ದರಿಂದ ಅಂಕಿ ಏರಿದಂತೆ ನಳಿಗೆ ಕಿರಿದಾಗುತ್ತ ಹೋಗುತ್ತದೆ. 12ರ ಒಳಗಲ 18.5 ಮಿಲಿಮೀಟರ್, 20ರದ್ದು 15.6, 28ರದ್ದು 14. ಎಲ್ಲರಿಗಿಂತ ಕಿರಿಯ .410 ಮಾತ್ರ ಈ ತಕ್ಕಡಿಗೆ ಹತ್ತದೆ ಅಂಗುಲದಲ್ಲಿ ಮಾತಾಡುತ್ತದೆ: ಅಂಗುಲದ ಸಾವಿರ ಭಾಗದಲ್ಲಿ 410, ಅಂದರೆ 10.4 ಮಿಲಿಮೀಟರ್. ಹಠ ಹಿಡಿದು ಅದನ್ನೂ ಪೌಂಡಿನಲ್ಲಿ ತೂಗಿದರೆ 67ರ ಆಸುಪಾಸಿನ ಗೇಜಾಗುತ್ತದೆ.

ಹೀಗೆ ಹಾರುವ ಬಿಲ್ಲೆ ಒಡೆಯುವ ಆಟದ ಒಂದು ಬಗೆ ಸ್ಕೀಟ್. ಅಮೆರಿಕದ ಸ್ಕೀಟ್ ಪಂದ್ಯಗಳಲ್ಲಿ ಈ ನಾಲ್ಕಕ್ಕೂ ಬೇರೆಬೇರೆ ಸ್ಪರ್ಧೆಗಳಿವೆ. 12ರ ತೋಟೆಯಲ್ಲಿ ಹೆಚ್ಚೆಂದರೆ 32 ಗ್ರಾಂ ಚರೆ, 20ಕ್ಕೆ 25, 28ಕ್ಕೆ 21, .410ಕ್ಕೆ ಬರೀ 14 ಗ್ರಾಂ. ಚರೆಯೆಂದರೆ ಎರಡು ಮಿಲಿಮೀಟರ್ ದಪ್ಪದ ಸೀಸದ ಕಾಳು. ದೊಡ್ಡ ತೋಟೆಯಲ್ಲಿ ಇವು 650ರಷ್ಟು ಹಿಡಿಸಿದರೆ ಚಿಕ್ಕದರಲ್ಲಿ 290ರಷ್ಟು. ಹೊರಡುವ ವೇಗದಲ್ಲಿ ಹೆಚ್ಚು ಭೇದವಿಲ್ಲ. ಎಲ್ಲವೂ ಸೆಕೆಂಡಿಗೆ 1,200 ಅಡಿಯ ಸುಮಾರಿಗೆ ಹೊರಡುತ್ತವೆ. ಅಂದರೆ ಚಿಕ್ಕ ಕೋವಿಯ ಏಟು ಮೆತ್ತಗಲ್ಲ, ವಿರಳ. ಇಪ್ಪತ್ತು ಗಜ ದೂರದಲ್ಲಿ ಚರೆಗಳು ಹರಡಿಕೊಂಡು ಒಂದು ಮೋಡವಾಗುತ್ತವೆ. 12ರ ಮೋಡ ದಟ್ಟ. ಅದರ ಅಂಚು ತಾಗಿದರೂ ಬಿಲ್ಲೆ ಒಡೆದೀತು. .410ರ ಅಂಚಿನಲ್ಲಿ ಬಿಲ್ಲೆ ತೂರಿಹೋಗುವಷ್ಟು ಸಂದು ಇರುತ್ತದೆ. ನಟ್ಟನಡುವೆ ಸಿಕ್ಕರೆ ಮಾತ್ರ ಖಾತ್ರಿ.

ನನಗೆ ಈ ಆಟ ಹಿಡಿಸಿದ್ದು ಇಲ್ಲಿಯೇ. ದೊಡ್ಡ ಕೋವಿಯಲ್ಲಿ ಬಿಲ್ಲೆ ಒಡೆದಾಗ ಒಡೆದದ್ದು ನನ್ನ ಗುರಿಯೋ ಚರೆಗಳ ಬಹುಮತವೋ ಗೊತ್ತಾಗುವುದಿಲ್ಲ. ಚಿಕ್ಕದರಲ್ಲಿ ಆ ಗೊಂದಲವಿಲ್ಲ. ಕಪ್ಪು ಹೊಗೆಯಂತೆ ಪುಡಿಯಾಯಿತೆಂದರೆ ಹೊಡೆದವನ ಕೈ ಸರಿಯಿತ್ತು. ಅದಕ್ಕೆ ಬೇರೆ ಪಾಲುದಾರರಿಲ್ಲ. ಹಾಗೆಂದು 28ರ ಭಕ್ತರ ಮುಂದೆ ಈ ಲೆಕ್ಕ ಹೇಳಿದರೆ ಅವರು ಒಪ್ಪುವುದಿಲ್ಲ. 28ರ ತೋಟೆಯಲ್ಲಿ ಚರೆ ತುಂಬಿದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ ಆಗಿ ಚೌಕ ಕೂರುವುದರಿಂದ, ಅದು ತನ್ನ ತೂಕಕ್ಕೆ ಮೀರಿದ ಕೆಲಸ ಮಾಡುತ್ತದೆಂಬುದು ಅವರ ನಂಬಿಕೆ. ನಮ್ಮ ಹಲ್ಲಿನ ಡಾಕ್ಟರು ಈ ಪಂಥದವರು. ಒಡೆದರೆ ಚೌಕದ ಮಹಿಮೆ, ತಪ್ಪಿದರೆ ಗಾಳಿಯ ಕಾಟ. ಅವರೊಡನೆ ವಾದಕ್ಕಿಳಿಯುವುದನ್ನು ನಾವೆಲ್ಲ ಬಿಟ್ಟಿದ್ದೇವೆ.

ಇಡೀ ಆಟವೇ ಹೀಗೆ ಒಂದೊಂದನ್ನಾಗಿ ಕಳೆಯುತ್ತ ಬೆಳೆದದ್ದು. ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ನೆಲದ ಗುಂಡಿಯೊಳಗೆ ಜೀವಂತ ಪಾರಿವಾಳ ಕೂರಿಸಿ ಮೇಲೊಂದು ಹಳೆಯ ಟೋಪಿ ಕವುಚುತ್ತಿದ್ದರು. ಹಗ್ಗ ಎಳೆದರೆ ಟೋಪಿ ಸರಿದು ಹಕ್ಕಿ ಏಳುತ್ತಿತ್ತು. ಎದ್ದದ್ದು ಹೆಚ್ಚು ದೂರ ಹೋಗುತ್ತಿರಲಿಲ್ಲ. ಅಮೆರಿಕದಲ್ಲಿ ಇದಕ್ಕೆ ಬಲಿಯಾದವುಗಳಲ್ಲಿ ಪ್ಯಾಸೆಂಜರ್ ಪಾರಿವಾಳವೂ ಒಂದು. ಹಾರಿದರೆ ಬಿಸಿಲು ಮರೆಯಾಗುವಷ್ಟು ದೊಡ್ಡ ಹಿಂಡುಗಳ ಹಕ್ಕಿ ಅದು. ಮಾರುಕಟ್ಟೆಗೆಂದು ನಡೆದ ಬೇಟೆಯೂ ಕಾಡಿನ ನಾಶವೂ ಅದನ್ನು ಮುಗಿಸಿದವು. ಬಲೆಯಲ್ಲಿ ಹಿಡಿದು ಪಂದ್ಯದ ಮೈದಾನಗಳಿಗೆ ಸಾಗಿಸಿದವರ ಕೈಯೂ ಅದರಲ್ಲಿತ್ತು.

ಪಾರಿವಾಳದ ಜಾಗಕ್ಕೆ ಮೊದಲು ಬಂದದ್ದು ಗಾಜಿನ ಚೆಂಡು. ಆಡಮ್ ಬೊಗಾರ್ಡಸ್ ಎಂಬ ಹೆಸರಾಂತ ಗುರಿಕಾರ ಅದನ್ನೆಸೆಯುವ ಯಂತ್ರಕ್ಕೆ 1877ರಲ್ಲಿ ಪೇಟೆಂಟ್ ಪಡೆದ. ಕೆಲವು ಚೆಂಡುಗಳೊಳಗೆ ಪುಕ್ಕ ತುಂಬಿಡುತ್ತಿದ್ದರು. ಒಡೆದಾಗ ಗಾಳಿಯಲ್ಲಿ ಪುಕ್ಕ ಹಾರಬೇಕಲ್ಲ! ಜೀವ ಹೋಗಿತ್ತು, ಜೀವ ತೆಗೆದ ತೃಪ್ತಿ ಮಾತ್ರ ಇನ್ನೂ ಬೇಕಾಗಿತ್ತು. ಮೈದಾನದ ತುಂಬ ಗಾಜಿನ ಚೂರು ಬೇರೆ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಪುಕ್ಕವನ್ನೂ ಗಾಜನ್ನೂ ತೆಗೆದುಹಾಕಿದ. ಹುಡುಗರು ಚಪ್ಪಟೆ ಚಿಪ್ಪುಗಳನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದನ್ನು ನೋಡಿ, ಮಣ್ಣಿನ ಬಿಲ್ಲೆಯನ್ನು ಅದೇ ರೀತಿ ತಿರುಗಿಸಿ ಎಸೆಯುವುದು ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. ಅವನ ಸುಟ್ಟ ಮಣ್ಣು ಗಟ್ಟಿಯಾಯಿತು. ಚರೆ ಬಡಿದರೂ ಒಡೆಯದೆ ಹಾರುತ್ತಿತ್ತು. ಮುಂದೆ ಡಾಂಬರಿನಂಥ ಅಂಟಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಅಚ್ಚು ಹಾಕುವುದು ರೂಢಿಗೆ ಬಂತು. ಈಗ ನಾವು ಒಡೆಯುವುದೂ ಅಂಥದ್ದನ್ನೇ: 108 ಮಿಲಿಮೀಟರ್ ಅಗಲ, ಸುಮಾರು ನೂರು ಗ್ರಾಂ ತೂಕ.

ಭೂಮಿಯ ಮೇಲಿನ ಕಟ್ಟಕಡೆಯ ಪ್ಯಾಸೆಂಜರ್ ಪಾರಿವಾಳ, ಮಾರ್ಥಾ ಎಂಬ ಹೆಸರಿನದು, 1914ರ ಸೆಪ್ಟೆಂಬರ್ 1ರಂದು ಸತ್ತದ್ದು ಇದೇ ಸಿನ್ಸಿನಾಟಿಯ ಮೃಗಾಲಯದಲ್ಲಿ. ಅಲ್ಲಿನ ಹಳೆಯ ಪಕ್ಷಿಮನೆಯೊಂದನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮಣ್ಣಿನ ಹಕ್ಕಿ ಹುಟ್ಟಿದ ಊರಿನಲ್ಲೇ ರಕ್ತಮಾಂಸದ ಹಕ್ಕಿಯ ವಂಶ ಮುಗಿಯಿತು. ಪರ್ಯಾಯ ಕೈಗೆ ಬಂದು ಮೂವತ್ತನಾಲ್ಕು ವರ್ಷಗಳಾಗಿದ್ದರೂ ಮೂಲ ಉಳಿಯಲಿಲ್ಲ. ಬಿಲ್ಲೆ ಒಡೆಯುವವರು ಪಾಪ ಕಳೆದುಕೊಂಡೆವೆಂದು ಬೀಗುವಂತಿಲ್ಲ ಎಂಬುದಕ್ಕೆ ಆ ಪುಟ್ಟ ಕಟ್ಟಡ ಸಾಕು. ನಮ್ಮ ಸೀಸವೂ ನೆಲಕ್ಕೇ ಬೀಳುತ್ತದೆ. ಅದನ್ನು ಮಣ್ಣಿನಿಂದ ಜರಡಿ ಹಿಡಿದು ತೆಗೆಸುವ ಖರ್ಚು ಮೈದಾನದವರ ತಲೆಯ ಮೇಲಿರುತ್ತದೆ.

ಸ್ಕೀಟಿನ ಕಥೆ ಇಷ್ಟು ಭಾರದ್ದಲ್ಲ. ಮೊದಲ ಮಹಾಯುದ್ಧದ ಆಚೀಚೆ ಮ್ಯಾಸಚೂಸೆಟ್ಸಿನ ಆಂಡೋವರಿನಲ್ಲಿ ಚಾರ್ಲ್ಸ್ ಡೇವಿಸ್ ಎಂಬಾತ ಗಡಿಯಾರದ ಮುಖದಂತೆ ಒಂದು ವೃತ್ತ ಎಳೆದು, ಹನ್ನೆರಡೂ ಅಂಕಿಗಳಲ್ಲಿ ನಿಂತು ಸುತ್ತಲೂ ಗುಂಡು ಹಾರಿಸುವ ಆಟ ಕಟ್ಟಿದ್ದ. ಪಕ್ಕದ ಜಮೀನಿನಲ್ಲಿ ಕೋಳಿ ಸಾಕಣೆ ಶುರುವಾಯಿತು. ಕೋಳಿಗಳ ತಲೆಯ ಮೇಲೆ ಚರೆ ಸುರಿಸುವಂತಿಲ್ಲ. ಅರ್ಧ ವೃತ್ತವನ್ನು ಅಳಿಸಿ, ಆರರ ಜಾಗದಲ್ಲಿ ಇನ್ನೊಂದು ಯಂತ್ರ ಇಟ್ಟರು. ಇಂದು ಒಲಿಂಪಿಕ್ಸಿನಲ್ಲಿ ಆಡುವ ಸ್ಕೀಟ್ ಮೈದಾನಕ್ಕೂ ಅದೇ ಅರ್ಧಚಂದ್ರದ ಆಕಾರ. ನೆರೆಮನೆಯ ಕೋಳಿಗಳು ಒಂದು ಕ್ರೀಡೆಯ ನಕ್ಷೆ ಬರೆದ ಉದಾಹರಣೆ ಇನ್ನೊಂದಿರಲಾರದು.

ಒಲಿಂಪಿಕ್ ಪದಕದ ಲೋಕದಲ್ಲಿ ಚಿಕ್ಕ ಕೋವಿಗೆ ಜಾಗವಿಲ್ಲ. ಬಿಕಾನೇರಿನ ಮಹಾರಾಜ ಕರಣಿ ಸಿಂಗ್ 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್ ಆಡಿದ್ದೂ, 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಎಂಬ ಬಿಲ್ಲೆ ಒಡೆಯುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದದ್ದೂ 12 ಗೇಜಿನಲ್ಲೇ. ಗೆಲ್ಲಬೇಕೆಂದು ಹೊರಟವರು ಅನುಮಾನವನ್ನು ಎಷ್ಟು ಸಾಧ್ಯವೋ ಅಷ್ಟು ಹೊರಗಿಡಬೇಕು. ಅದು ನ್ಯಾಯವೇ. ಅಲ್ಲಿಯೂ ತೋಟೆಯ ಚರೆಯನ್ನು ಈಗ 24 ಗ್ರಾಮಿಗೆ ಇಳಿಸಿದ್ದಾರೆಂಬುದು ನಮ್ಮ ಶನಿವಾರದ ಗುಂಪಿಗೆ ಸಣ್ಣ ಸಮಾಧಾನ.

ತೀರ್ಥಹಳ್ಳಿಯ ಕಡೆಯಿಂದ ಅಕ್ಕ, ಭಾವ ಬಂದಿದ್ದಾಗ ಭಾವನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಡಕೆ ತೋಟದವರು, ಬೆಳೆ ಕಾಯಲೆಂದು ಅವರ ಹೆಸರಿನಲ್ಲೊಂದು ಒಂಟಿ ನಳಿಗೆಯ ಕೇಪಿನ ಕೋವಿಯಿದೆ. ಆದರೆ ಇಲ್ಲಿ ಅವರು ಕೋವಿ ಮುಟ್ಟುವಂತಿರಲಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕೋವಿ ಹಿಡಿಯಬಾರದೆಂದು ಅಮೆರಿಕದ ಕಾನೂನು. ಡಾಂಬರಿನ ಬಿಲ್ಲೆ ಒಡೆಯಲು ಬೇಟೆಯ ಪರವಾನಗಿ! ಭಾವನಿಗೆ ಇದೇನೂ ವಿಚಿತ್ರವೆನ್ನಿಸಲಿಲ್ಲ. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿ ಪಡೆದು, ಫಲಿತಾಂಶವಾದ ಮೇಲೆ ಬಿಡಿಸಿಕೊಂಡು ಬರುವವರು ಅವರು. "ಸರ್ಕಾರ ಅಂದ್ಮೇಲೆ ಎಲ್ಲಾ ಕಡೆ ಒಂದೇ ಬಿಡು," ಎಂದು ಯಂತ್ರದ ಗುಂಡಿ ಒತ್ತುವ ಕೆಲಸಕ್ಕೆ ನಿಂತರು.

ಆ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 'ಪುಲ್' ಎಂದೊಡನೆ ಒತ್ತುತ್ತಿರಲಿಲ್ಲ. ಒಮ್ಮೆ ತಕ್ಷಣ, ಒಮ್ಮೆ ಎರಡು ಉಸಿರು ಕಾಯಿಸಿ. ಅಮೆರಿಕದ ಸ್ಕೀಟಿನಲ್ಲಿ ಕೂಗಿದಾಗಲೇ ಬಿಲ್ಲೆ ಬರಬೇಕು. ಒಲಿಂಪಿಕ್ ಸ್ಕೀಟಿನಲ್ಲಿ ಮೂರು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಬರಬಹುದು. ಭಾವ ತಮಗೆ ತಿಳಿಯದೆಯೇ ಒಲಿಂಪಿಕ್ ನಿಯಮ ಜಾರಿಗೆ ತಂದಿದ್ದರು. ಕೇಳಿದರೆ, "ಹಂದಿ ಎಂತ ನೀನು ಕರೆದಾಗ ಬರ್ತದಾ?" ಎಂದರು. ಬಸ್ಸಿನ ಡ್ರೈವರ್ ಆಗಿದ್ದವರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ನಕ್ಕು, ಕೋವಿ ಮಡಚಿ ಕೂತೇಬಿಟ್ಟರು.

ಬಿಲ್ಲೆಗಿಂತ ಮುಂದೆ ಹೊಡೆಯಬೇಕೆಂಬುದನ್ನು ಮಾತ್ರ ಭಾವ ಕಣ್ಣರಳಿಸಿ ಕೇಳಿಸಿಕೊಂಡರು. ಬಿಲ್ಲೆ ಗಂಟೆಗೆ ಎಪ್ಪತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಅಡ್ಡ ಹಾಯುತ್ತದೆ. ಚರೆ ಇಪ್ಪತ್ತು ಗಜ ತಲುಪುವಷ್ಟರಲ್ಲಿ ಅದು ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಹೀಗಾಗಿ ಕಂಡದ್ದಕ್ಕೆ ಹೊಡೆಯಬಾರದು, ಅದು ಇನ್ನೂ ಬಂದಿಲ್ಲದ ಖಾಲಿ ಆಕಾಶಕ್ಕೆ ಹೊಡೆಯಬೇಕು. ಕಣ್ಣು ಬಿಲ್ಲೆಯ ಮೇಲೆ, ನಳಿಗೆ ಅದರ ಮುಂದೆ, ಕುದುರೆ ಎಳೆದ ಮೇಲೂ ನಳಿಗೆಯ ಓಟ ನಿಲ್ಲಬಾರದು. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಮರದ ಮೇಲಿಟ್ಟ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಭಾವ ನೋಡಿದ್ದರು. "ಅಲ್ಲಿ ಕಾಯಿ ಸುಮ್ಮನಿರ್ತದೆ, ಕೈ ನಡುಗ್ತದೆ. ಇಲ್ಲಿ ಎರಡೂ ಓಡ್ತವೆ," ಎಂದು ಷರಾ ಬರೆದರು.

ಆಮೇಲೆ ಕೇಳಲೇಬೇಕಾದ ಪ್ರಶ್ನೆ ಕೇಳಿದರು. "ಅಲ್ಲ ಮಾರಾಯ, ಇದನ್ನ ಒಡೆದ್ರೆ ಎಂತ ಸಿಗ್ತದೆ?"

"ಎಂತದೂ ಇಲ್ಲ ಭಾವ."

"ಇಷ್ಟು ಸಪೂರ ತೋಟೆಗೆ ರೇಟಾದರೂ ಕಮ್ಮಿ ಇರಬೇಕಲ್ಲ?"

ಅಲ್ಲಿ ನಾನು ಸಿಕ್ಕಿಬಿದ್ದೆ. ಎಲ್ಲರೂ ಕೊಳ್ಳುವುದು 12ರ ತೋಟೆ. ರಾಶಿರಾಶಿ ತಯಾರಾಗುವುದರಿಂದ ಅದೇ ಅಗ್ಗ. 28ಕ್ಕೂ .410ಕ್ಕೂ ಒಳಗಿರುವ ಸೀಸ ಕಡಿಮೆ, ಕೊಡುವ ಬೆಲೆ ಹೆಚ್ಚು. ಹೇಳಿದೆ. ಭಾವ ಒಂದು .410 ತೋಟೆಯ ಖಾಲಿ ಕೊಳವೆಯನ್ನು ನೆಲದಿಂದ ಎತ್ತಿ, ಕಿರುಬೆರಳು ತೂರಿಸಿ ನೋಡಿದರು. "ನಮ್ಮ ಕೇಪಿನ ಕೋವಿಗೆ ಅನುಮಾನ ಪುಕ್ಕಟೆ ಬರ್ತದೆ. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದ್ರೆ ಈಡು ಹಾರ್ತದೋ ಇಲ್ವೋ ದೇವರಿಗೇ ಗೊತ್ತು. ನೀವು ಅದನ್ನೇ ದುಡ್ಡು ಕೊಟ್ಟು ತಗೊಳ್ತೀರಿ."

ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ನಾನು ಬದುಕಿಡೀ ದುಡಿದದ್ದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ. ಅನುಮಾನವನ್ನು ಹುಡುಕಿ ತೆಗೆದುಹಾಕುವುದಕ್ಕೇ ನನಗೆ ಸಂಬಳ. ಮನೆಯಲ್ಲೂ ಅಷ್ಟೇ: ಮಳೆ ಎಷ್ಟು ಗಂಟೆಗೆ ಬರುತ್ತದೆಂದು ಫೋನು ಹೇಳುತ್ತದೆ, ಮಗಳ ವಿಮಾನ ಯಾವ ಊರಿನ ಮೇಲಿದೆಯೆಂದು ಅದೇ ತೋರಿಸುತ್ತದೆ. ಇಷ್ಟು ಖಾತ್ರಿಯ ನಡುವೆ ಕೂತವನಿಗೆ ಆದೀತೋ ಆಗದೋ ಎಂಬ ಅರೆಗಳಿಗೆ ಸಿಗಬೇಕಾದರೆ ಅಂಗಡಿಗೇ ಹೋಗಬೇಕು. ಭಾವನ ಅನುಮಾನ ತೋಟ ಉಳಿಸಿಕೊಳ್ಳುವವನದು. ತಪ್ಪಿದ ಈಡಿಗೆ ಅವರು ಅಡಕೆಯಲ್ಲೋ ಬಾಳೆಯಲ್ಲೋ ದಂಡ ತೆರುತ್ತಾರೆ. ನನ್ನದರಲ್ಲಿ ತಪ್ಪಿದರೆ ನಷ್ಟವಾಗುವುದು ತೋಟೆಯ ದುಡ್ಡು ಮಾತ್ರ. ನಷ್ಟವಿಲ್ಲದ ಅನುಮಾನಕ್ಕೆ ಬೆಲೆ ಹೆಚ್ಚಿರುವುದು ಸರಿಯೇ ಅನ್ನಿಸುತ್ತದೆ. ತುಸು ಇಳಿಸಿದರೆ ಮಾತ್ರ ಬೇಡವೆನ್ನುವುದಿಲ್ಲ.