ಕಾವಲಿನ ಪಂಚಾಂಗ

ದನ ಹುಲ್ಲು ತಿನ್ನುತ್ತದೆ ಎಂದು ಒಂದನೇ ಕ್ಲಾಸಿನಲ್ಲಿ ಬರೆದೆವಲ್ಲ, ಆ ವಾಕ್ಯ ಚಿತ್ರದುರ್ಗದ ಸೀಮೆಯಲ್ಲಿ ವರ್ಷದ ಅರ್ಧಕ್ಕೆ ಮಾತ್ರ ನಿಜ. ಉಳಿದರ್ಧದಲ್ಲಿ ಅದು ಏನೇನು ತಿನ್ನುತ್ತದೆ ಎಂದು ನನಗೆ ತೋರಿಸಿದವರು ಸೋದರಮಾವ. ಅವರು ದನದ ಬಾಯಿಗಿಂತ ಸಗಣಿಯನ್ನೇ ಹೆಚ್ಚು ನೋಡುತ್ತಿದ್ದರು. ತೆಳ್ಳಗಿದ್ದರೆ ಎಳೆಹುಲ್ಲು. ಗಟ್ಟಿಯಾಗಿ ಮಡಿಕೆ ಮಡಿಕೆ ಬಿದ್ದಿದ್ದರೆ ಒಣಹುಲ್ಲು. ಬೀಜ ಕಂಡರೆ ಜಾಲಿಕಾಯಿ. ವಿಜ್ಞಾನಿಗಳೂ ಸಗಣಿಯಲ್ಲುಳಿದ ಎಲೆಸಿಪ್ಪೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದನ ಯಾವ ಗಿಡ ತಿಂದಿದೆ ಎಂದು ಲೆಕ್ಕ ಹಾಕುತ್ತಾರೆಂದು ಎಷ್ಟೋ ವರ್ಷದ ಮೇಲೆ ಓದಿ ಹೇಳಿದೆ. "ಅದ್ಕೆ ದುರ್ಬೀನು ಯಾಕೆ ಬೇಕಪ್ಪ?" ಅಂದರು.

ನಮ್ಮೂರ ಕಾವಲು ಹುಲ್ಲುಗಾವಲೂ ಅಲ್ಲ, ಕಾಡೂ ಅಲ್ಲ. ಹುಲ್ಲಿನ ನಡುವೆ ಜಾಲಿ, ಕಾರೆ, ಕವಳೆ, ಎಲಚಿ, ಬಂದರಿಕೆ. ಏಪ್ರಿಲ್ ಬಿಸಿಲಿನಲ್ಲಿ ನೋಡಿದವರಿಗೆ ಅದು ಬಂಜರೇ. ಕಡತದಲ್ಲೂ ಹಾಗೇ ಬರೆಯುತ್ತಾರೆ.

ಭರಣಿಯಲ್ಲಿ ನಾಲ್ಕು ಹನಿ ಬಿದ್ದರೆ ಹುಲ್ಲು ಚಿಗುರುತ್ತದೆ. ಅದೇ ಕಷ್ಟದ ಕಾಲ. ಹಸಿರಿನ ವಾಸನೆ ಬಡಿದ ದನ ಒಣಮೇವನ್ನು ಮೂಸುವುದಿಲ್ಲ. ಬೆರಳುದ್ದವೂ ಇಲ್ಲದ ಗರಿಕೆಯ ಹಿಂದೆ ದಿನವಿಡೀ ಅಲೆದು, ಅರೆಹೊಟ್ಟೆಯಲ್ಲಿ ಮನೆಗೆ ಬರುತ್ತದೆ. ಮಳೆ ಬಂದದ್ದಕ್ಕೇ ದನ ಸೊರಗುವುದನ್ನು ಪೇಟೆಯ ಸ್ನೇಹಿತರಿಗೆ ವಿವರಿಸಿ ನನಗೆ ಸಾಕಾಗಿದೆ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಗ ಹೊಟ್ಟೆ ತುಂಬ ಹುಲ್ಲು. ನವೆಂಬರಿಗೆ ಹುಲ್ಲು ತೆನೆ ಒಡೆದು ಊಬು ಬಿಡುತ್ತದೆ. ಒದ್ದೆಯಾದಾಗ ತಿರುಗಿ ತಿರುಗಿ ಚರ್ಮಕ್ಕೆ ಇಳಿಯುವ ಈ ಮುಳ್ಳಿಗೆ ಹೆದರಿ ದನ ಆ ಭಾಗವನ್ನೇ ಬಿಡುತ್ತದೆ. ಅಷ್ಟರಲ್ಲಿ ಹೊಲಗಳು ಕೊಯ್ಲಾಗಿ ಕೂಳೆ ಸಿಗುತ್ತದೆ.

ಆಮೇಲಿನದು ಒಣಗಾಲ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಕೆಲಸ ಮಾಡಬೇಕಾದರೆ ಮೇವಿನಲ್ಲಿ ಶೇಕಡಾ 7ರಷ್ಟಾದರೂ ಪ್ರೋಟೀನು ಇರಬೇಕು. ಬಲಿತು ಒಣಗಿದ ಹುಲ್ಲಿನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಹೊಟ್ಟೆ ತುಂಬಿದ್ದೂ ದನ ಬಡಕಲಾಗುವುದು ಅದಕ್ಕೇ. ಈ ಕೊರತೆ ತುಂಬುವುದು ಮುಳ್ಳುಗಿಡಗಳು. ಎಲಚಿಯ ಸೊಪ್ಪಿಗೆ ನಾಲಿಗೆ ಚಾಚುವುದನ್ನು ದನ ಮೇಕೆಯಿಂದ ಕಲಿತಂತೆ ಕಾಣುತ್ತದೆ. ಮಾರ್ಚಿನ ಮೇಲೆ ಹಳ್ಳದ ಪಕ್ಕದ ಜಾಲಿಸಾಲಿನಲ್ಲಿ ಕಾಯಿ ಬಲಿಯುತ್ತದೆ. ಮಾವ ಉದ್ದದ ದೋಟಿಯಲ್ಲಿ ಬಡಿದರೆ ದನಗಳು ಆ ಸದ್ದಿಗೇ ಓಡಿ ಬರುತ್ತಿದ್ದವು. ಎಲ್ಲ ಗಿಡವೂ ಮೇವಲ್ಲ. ಬಂದರಿಕೆಯನ್ನು ದನ ಮುಟ್ಟುವುದಿಲ್ಲ. ಹಸಿವಿನಲ್ಲಿ ಲಂಟಾನಕ್ಕೆ ಬಾಯಿ ಹಾಕಿದರೆ ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಈ ಲೆಕ್ಕ ಮಾವನದೊಂದೇ ಅಲ್ಲ. ಮೈಸೂರಿನ ಅರಸರು ದನ ಸಾಕಲು ಇಟ್ಟಿದ್ದ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತಲ್ಲ, ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದೇ ವಿಂಗಡಿಸಿದ್ದರು. ಎಕರೆಗಿಂತ ಮುಂಚೆ ಅವರು ಕಾಲವನ್ನು ನೋಡುತ್ತಿದ್ದರು.

ಚಳ್ಳಕೆರೆ ಕಡೆಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಸಂಶೋಧನೆ, ರಕ್ಷಣೆ ಮುಂತಾದ ಕೆಲಸಗಳಿಗೆ ಹೋದದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮೂರದು ಸುದ್ದಿಯಾಗುವಷ್ಟು ದೊಡ್ಡದಲ್ಲ. ಹಳ್ಳದ ಪಕ್ಕದ ಒಂದು ಪಟ್ಟಿಗೆ ತಂತಿಬೇಲಿ ಬಂತು. "ಹತ್ತರಲ್ಲಿ ಒಂದು ಪಾಲೂ ಇಲ್ಲ, ಉಳಿದಿದ್ದೆಲ್ಲ ನಿಮಗೇ ಅಲ್ವಾ?" ಎಂದರು ಬಂದವರು. ನಕ್ಷೆಯ ಪ್ರಕಾರ ಅವರ ಮಾತು ಸರಿಯೇ. ಆದರೆ ಹೋದ ಪಟ್ಟಿಯಲ್ಲಿದ್ದದ್ದು ಜಾಲಿಸಾಲು. ಅಂದರೆ ಏಪ್ರಿಲ್ ಹೋಯಿತು, ಮೇ ಹೋಯಿತು. ಅಕ್ಟೋಬರಿನ ಹುಲ್ಲು ಎಷ್ಟಿದ್ದರೇನು, ದನ ಅಲ್ಲಿಯ ತನಕ ಬದುಕಿರಬೇಕಲ್ಲ.

ಮಾವ ಸಭೆಯಲ್ಲಿ ಇದನ್ನು ಹೇಳಲು ಎದ್ದು ನಿಂತರು. "ಎಷ್ಟು ಎಕರೆ, ಅದನ್ನ ಹೇಳಿ" ಎಂದು ಕೇಳಿದ್ದಕ್ಕೆ "ಎರಡು ತಿಂಗಳು" ಅಂದರು. ಎಲ್ಲರೂ ನಕ್ಕರು. ಅವರೂ ನಕ್ಕು ಕೂತರು.

ಮರುವರ್ಷ ಯುಗಾದಿಗೆ ಮೊದಲೇ ನಾಲ್ಕು ರಾಸು ಸಂತೆಗೆ ಹೋದವು. ಈಗ ಕಂದು ಬಣ್ಣದ್ದೊಂದು ಹಸು ಇದೆ. ಟಾರು ರಸ್ತೆಯ ಬದಿ ಉಳಿದಿರುವ ಮೂರು ಜಾಲಿಮರದ ಕೆಳಗೆ ಮಾವ ಬೆಳಿಗ್ಗೆ ಲಾರಿಗಳು ಓಡಾಡುವ ಮೊದಲು ಚೀಲ ಹಿಡಿದು ಹೋಗುತ್ತಾರೆ. ಹೊತ್ತಾದರೆ ಕಾಯಿ ಚಕ್ರಕ್ಕೆ ಸಿಕ್ಕಿ ಪುಡಿಯಾಗಿರುತ್ತದೆ.