ಪಡುಕರೆಯಲ್ಲಿ ಭೂತವನ್ನರಸಿ

ದೆವ್ವದ ಕಥೆಗೆ ಕಡಲ ತೀರದಷ್ಟು ಒಪ್ಪುವ ರಂಗಸ್ಥಳ ಬೇರೊಂದಿಲ್ಲವೆಂದು ಕಥೆಗಾರರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಹದಿಹರೆಯದವರಿಗಾಗಿ ಬರೆದ ಯಾವ ರಹಸ್ಯ ಕಾದಂಬರಿಯನ್ನಾದರೂ ತೆರೆಯಿರಿ. ಅಲ್ಲೊಂದು ಮೀನುಗಾರರ ಹಳ್ಳಿ. ಬಂಡೆಯ ಮೇಲೊಂದು ದೀಪಸ್ತಂಭ. ಅಮಾವಾಸ್ಯೆಯ ಇರುಳಿನಲ್ಲಿ ನೀರಿನ ಮೇಲೆ ಮಿನುಗುವ ಹೆಸರಿಲ್ಲದ ಬೆಳಕು. ಹೋದದ್ದು ಮರಳಿ ಬಾರದ ಒಂದು ದೋಣಿ. ರಜೆಗೆಂದು ಪಟ್ಟಣದಿಂದ ಬಂದಿಳಿದ ಧೈರ್ಯಶಾಲಿಗಳಾದ ಇಬ್ಬರು ಮೂವರು ಎಳೆಯರು. ಕೊನೆಯ ಅಧ್ಯಾಯದ ಹೊತ್ತಿಗೆ ಆ ಬೆಳಕು ಕಳ್ಳಸಾಗಣೆಗಾರರ ಲಾಟೀನೆಂದು ಬಯಲಾಗುತ್ತದೆ, ಇಲ್ಲವೇ ದೆವ್ವವು ನಿಜವಾದ ದೆವ್ವವೇ ಆಗಿಬಿಡುತ್ತದೆ. ಎರಡರಲ್ಲಿ ಯಾವುದಾದರೂ ಆಗಲಿ, ಪುಸ್ತಕ ಮುಚ್ಚಿದ ಮೇಲೆ ದೀಪವಾರಿಸಲು ಮನೆಯ ಕಿರಿಯರು ತುಸು ಹಿಂದೆಮುಂದೆ ನೋಡುತ್ತಾರೆ.

ಈ ಸಾಮಗ್ರಿಯೆಲ್ಲವೂ ಒಂದೇ ಕಡೆ ದೊರೆಯುವ ತೀರವೊಂದು ನಮ್ಮ ಕನ್ನಡನಾಡಿನಲ್ಲಿಯೇ ಉಂಟು. ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರು ಸಾಗಿದರೆ ಮಲ್ಪೆ. ಅಲ್ಲಿಯ ಬಂದರಿನ ಗದ್ದಲವನ್ನೂ ಮೀನಿನ ವಾಸನೆಯನ್ನೂ ದಾಟಿ, ಸೇತುವೆಯ ಮೇಲಿಂದ ದಕ್ಷಿಣಕ್ಕೆ ಹೊರಳಿದರೆ ಸಿಕ್ಕುವುದೇ ಪಡುಕರೆ. ಪಡು ಎಂದರೆ ಪಶ್ಚಿಮ, ಕರೆ ಎಂದರೆ ದಡ. ಹೆಸರಿಗೆ ತಕ್ಕಂತೆ ಇದು ನೆಲದ ಪಶ್ಚಿಮದ ಕೊನೆಯ ಅಂಚು. ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಉದ್ಯಾವರದ ಹೊಳೆ. ನಡುವೆ ತೆಂಗಿನ ಮರಗಳನ್ನೂ ಹೆಂಚಿನ ಮನೆಗಳನ್ನೂ ಒಣಗಲು ಹರಡಿದ ಬಲೆಗಳನ್ನೂ ಹೊತ್ತ ಮರಳಿನ ಒಂದು ಪಟ್ಟಿ. ಮನೆಯ ಮುಂಬಾಗಿಲಿಗೆ ಕಡಲ ಮೊರೆತ, ಹಿತ್ತಿಲಿಗೆ ಹೊಳೆಯ ಮೌನ. ಇದೇ ತೀರವನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಮಟ್ಟು, ಅದರಾಚೆ ಕಾಪು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಇಂದಿಗೂ ನಿಂತಿದೆ. ಕಾದಂಬರಿಕಾರನಿಗೆ ಇನ್ನೇನು ಬೇಕು?

ಕಳೆದ ಚಳಿಗಾಲದಲ್ಲಿ ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋಗಿದ್ದೆ. ಜಾನಪದವನ್ನು ಪಠ್ಯದಲ್ಲಿ ಓದಿದವರು ಅದು ಹುಟ್ಟಿದ ನೆಲವನ್ನೂ ಕಾಣಲೆಂಬುದು ನನ್ನ ಉದ್ದೇಶ; ಭೂತವೊಂದು ಕಣ್ಣಿಗೆ ಬಿದ್ದೀತೆಂಬುದು ಅವರ ಉದ್ದೇಶ. ಚಂದ್ರನಿಲ್ಲದ ರಾತ್ರಿ ಒದ್ದೆ ಮರಳಿನ ಮೇಲೆ ನಡೆಯುತ್ತಿರುವಾಗ ಒಬ್ಬ ಹುಡುಗನ ಕಾಲಡಿಯಲ್ಲಿ ನಸುನೀಲಿಯ ಬೆಳಕು ಚಿಮ್ಮಿ ಅಡಗಿತು. ಇನ್ನೊಂದು ಹೆಜ್ಜೆ, ಇನ್ನೊಂದು ಕಿಡಿ. ದೂರದಲ್ಲಿ ಒಡೆಯುತ್ತಿದ್ದ ತೆರೆಯ ನೆತ್ತಿಯಲ್ಲಿಯೂ ಅದೇ ಬಣ್ಣದ ಗೆರೆಯೊಂದು ಓಡಿ ಮಾಯವಾಯಿತು. “ಸಾರ್, ಕೊಳ್ಳಿದೆವ್ವ!” ಎಂದು ಯಾರೋ ಪಿಸುಗುಟ್ಟಿದರು.

ಈ ಬೆಳಕಿನ ಗುಟ್ಟನ್ನು ವಿಜ್ಞಾನವು ಬಿಡಿಸಿಯಾಗಿದೆ. ಸಾಸಿವೆಕಾಳಿಗಿಂತಲೂ ಸಣ್ಣದಾದ ನಾಕ್ಟಿಲೂಕಾ ಎಂಬ ಏಕಕೋಶ ಜೀವಿ ಅದರ ಕರ್ತೃ. ಇರುಳಿನ ಬೆಳಕು ಎಂಬುದೇ ಆ ಲ್ಯಾಟಿನ್ ಹೆಸರಿನ ಅರ್ಥ. ತೆರೆಯೋ ಮೀನೋ ಮನುಷ್ಯನ ಪಾದವೋ ತಾಗಿ ನೀರು ಕಲಕಿದಾಗ ಅದರ ದೇಹದಲ್ಲಿ ಲೂಸಿಫೆರಿನ್ ಎಂಬ ವಸ್ತುವು ಆಮ್ಲಜನಕದೊಡನೆ ಕೂಡಿ ಕ್ಷಣಕಾಲ ಬೆಳಗುತ್ತದೆ. 2020ರ ನವೆಂಬರ್ ತಿಂಗಳಿನಲ್ಲಿ ನಮ್ಮ ಕರಾವಳಿಯ ಹಲವೆಡೆ ಇಂಥ ನೀಲಿ ತೆರೆಗಳು ಕಾಣಿಸಿಕೊಂಡಾಗ ಪಟ್ಟಣಿಗರು ಮಕ್ಕಳುಮರಿಗಳೊಡನೆ ನೋಡಲು ನೆರೆದಿದ್ದರು. ಆದರೆ ಮೀನುಗಾರನಿಗೆ ಇದು ಬರಿಯ ನೋಟವಲ್ಲ. ಈ ಜೀವಿಯ ಸಂಖ್ಯೆ ವಿಪರೀತವಾಗಿ ಏರಿದರೆ ನೀರಿನ ಆಮ್ಲಜನಕ ಕುಗ್ಗಿ ಮೀನುಗಳಿಗೆ ಕೇಡು. ನಾವು ಬೆರಗಿನಿಂದ ಕಾಣುವ ಬೆಳಕನ್ನು ಅವನು ಬಲೆಯ ಚಿಂತೆಯಿಂದ ಕಾಣುತ್ತಾನೆ.

ಇದೇ ತೀರದ ಇನ್ನೊಂದು ಅದ್ಭುತಕ್ಕೆ ಏಳುನೂರು ವರ್ಷಗಳ ಹಳಮೆಯಿದೆ. ಮಲ್ಪೆಯ ಬಳಿಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯುಂಟು. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಇಲ್ಲಿಯ ದಡದಲ್ಲಿ ನಿಂತಿರುವಾಗ, ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಬಿರುಗಾಳಿಗೆ ಸಿಲುಕಿತಂತೆ. ಆಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ದಡಕ್ಕೆ ಕರೆದರಂತೆ. ಕೃತಜ್ಞನಾದ ಹಡಗಿನೊಡೆಯ ಏನು ಬೇಕಾದರೂ ಕೊಡುವೆನೆಂದಾಗ ಅವರು ಕೇಳಿದ್ದು ಗೋಪೀಚಂದನದ ಗಡ್ಡೆಯನ್ನು ಮಾತ್ರ. ಉಡುಪಿಯ ಶ್ರೀಕೃಷ್ಣನು ಅದರೊಳಗಿನಿಂದ ಪ್ರಕಟನಾದನೆಂಬುದು ಐತಿಹ್ಯ. ಇದನ್ನು ನಂಬುವವರು ಕೈಮುಗಿಯುತ್ತಾರೆ, ನಂಬದವರು ಕಥೆಯೆನ್ನುತ್ತಾರೆ. ಆದರೆ ಈ ಕಥೆಯ ಹೃದಯದಲ್ಲಿ ಇರುವುದೇನೆಂಬುದನ್ನು ಗಮನಿಸಬೇಕು: ಮುಳುಗಲಿದ್ದ ಹಡಗು ಮುಳುಗಲಿಲ್ಲ, ಅದರಲ್ಲಿದ್ದವರು ದಡ ಸೇರಿದರು. ಕಡಲ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪವಾಡ ಯಾವುದಿದ್ದೀತು?

ಇನ್ನು ಭೂತದ ಮಾತು. ತುಳುನಾಡಿನ ಭೂತವನ್ನು ನಮ್ಮ ಬಯಲುಸೀಮೆಯ ಹುಣಸೆಮರದ ದೆವ್ವದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1886ರಲ್ಲಿ ಮ್ಯಾನರ್ ಎಂಬ ಪಾದ್ರಿಗಳು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಭೂತಗಳ ಪಾಡ್ದನಗಳನ್ನು ಅಚ್ಚು ಮಾಡಿಸಿದರು. ಬರ್ನೆಲ್ ಎಂಬ ವಿದ್ವಾಂಸರು ಸಂಗ್ರಹಿಸಿದ್ದ ಸಾಮಗ್ರಿಯು 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ, ಅವರು ತೀರಿಕೊಂಡ ಬಳಿಕ ಪ್ರಕಟವಾಯಿತು. ಅದಕ್ಕಿತ್ತ ಶಿರೋನಾಮೆ ತುಳುವರ ಪಿಶಾಚಾರಾಧನೆ ಎಂಬರ್ಥದ್ದು. ಸಂಗ್ರಹಕ್ಕಾಗಿ ನಾವು ಅವರಿಗೆ ಋಣಿಗಳು, ಹೆಸರಿಗಾಗಿ ಅಲ್ಲ. ಭೂತವೆಂದರೆ ಶಬ್ದಾರ್ಥದಲ್ಲಿ ‘ಆಗಿಹೋದದ್ದು’. ವ್ಯಾಕರಣದ ಭೂತಕಾಲವೂ ಇದೇ ಮಾತಿನಿಂದ ಬಂದದ್ದು. ಒಂದಾನೊಂದು ಕಾಲದಲ್ಲಿ ಬದುಕಿದ್ದು, ಅಕಾಲದಲ್ಲಿ ಮಡಿದು, ಊರನ್ನು ಬಿಟ್ಟುಹೋಗಲೊಲ್ಲದೆ ಉಳಿದವರು ಈ ಭೂತಗಳಲ್ಲಿ ಎಷ್ಟೋ ಮಂದಿ.

ಮೊಗವೀರರು ನಂಬಿಕೊಂಡು ಬಂದ ಬೊಬ್ಬರ್ಯನು ಅಂಥವರಲ್ಲಿ ಒಬ್ಬ. ಪಾಡ್ದನದ ಪಾಠಗಳು ಊರಿಂದೂರಿಗೆ ಬದಲಾಗುತ್ತವೆಯಾದರೂ ಕಥೆಯ ತಿರುಳು ಇಷ್ಟು: ತಂದೆ ಮುಸಲ್ಮಾನ ವ್ಯಾಪಾರಿ, ತಾಯಿ ಜೈನ ಮನೆತನದ ಹೆಣ್ಣು. ಮಗನು ಹಡಗೇರಿ ವ್ಯಾಪಾರಕ್ಕೆ ಹೋದ; ಕಡಲಿನ ಮೇಲೆ ನಡೆದ ಕಾಳಗದಲ್ಲಿ ಮಡಿದ; ದೈವವಾಗಿ ದಡಕ್ಕೆ ಬಂದ. ಇಂದು ಮೊಗವೀರರ ಊರೂರಿನಲ್ಲಿ ಅವನಿಗೆ ಗುಡಿಯುಂಟು, ಕೋಲವುಂಟು. ಜಾತಿಮತಗಳ ಲೆಕ್ಕವನ್ನು ನಾವು ನೆಲದ ಮೇಲೆ ಎಷ್ಟು ಬಿಗಿಯಾಗಿ ಬರೆದರೂ ಕಡಲು ಅದನ್ನು ಅಳಿಸಿಬಿಡುತ್ತದೆಯೆಂಬುದಕ್ಕೆ ಈ ದೈವವೇ ಸಾಕ್ಷಿ. ಕೋಲದ ರಾತ್ರಿ ದೈವದ ನುಡಿಗಾಗಿ ಊರೇ ಉಸಿರು ಬಿಗಿಹಿಡಿದು ಕಾಯುತ್ತದೆ. ಕಡಲಿಗಿಳಿಯುವವರು ಬಯಸುವ ಅಭಯ ಒಂದೇ: ಹೋದವರನ್ನು ಕಾಯುತ್ತೇನೆ ಎಂಬುದು. ಸ್ವತಃ ಮರಳದವನೇ ಇತರರನ್ನು ಮರಳಿಸುವ ಹೊಣೆ ಹೊತ್ತಿದ್ದಾನೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಒಬ್ಬ ಅಜ್ಜಿಯನ್ನು ನಮ್ಮ ಹುಡುಗನೊಬ್ಬ ಮಾತಿಗೆಳೆದ. “ಅಜ್ಜೀ, ರಾತ್ರಿ ಭೂತ ಬಂದರೆ ನಿಮಗೆ ಹೆದರಿಕೆಯಾಗುವುದಿಲ್ಲವೇ?” ಎಂದು ಅವನ ಪ್ರಶ್ನೆ. ಅಜ್ಜಿ ಕಾಗೆಯನ್ನು ಓಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಬಂದವರದ್ದು ಎಂತ ಹೆದರಿಕೆ ಮಗಾ? ಬಾರದವರದ್ದೇ ಹೆದರಿಕೆ.”

ಹುಡುಗ ಮುಂದೆ ಏನನ್ನೂ ಕೇಳಲಿಲ್ಲ. ಈ ಮಾತಿನ ಹಿಂದೆ ಏನಿದೆಯೆಂಬುದನ್ನು ಮಲ್ಪೆಯ ಸುತ್ತಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರದ ದೋಣಿಯು ಏಳು ಮಂದಿಯನ್ನು ಹೊತ್ತು ಹೊರಟಿತು. ಅವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳವರು. ಎರಡೇ ದಿನಗಳಲ್ಲಿ ದೋಣಿಯ ಸಂಪರ್ಕ ಕಡಿಯಿತು. ವಾರಗಳು ಕಳೆದರೂ ಒಂದು ಹಲಗೆಯ ಸುದ್ದಿಯೂ ಇಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು, ನಮ್ಮವರನ್ನು ಹುಡುಕಿಕೊಡಿರೆಂದು ಮೊರೆಯಿಟ್ಟರು. ಅಪಹರಣವಾಗಿರಬೇಕೆಂದು ಕೆಲವರೂ ಅಪಘಾತವಾಗಿರಬೇಕೆಂದು ಕೆಲವರೂ ತರ್ಕಿಸಿದರು. ಕೊನೆಗೆ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಹಡಗೊಂದು ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, 60 ಮೀಟರು ಆಳದಲ್ಲಿ, ದೋಣಿಯ ಅವಶೇಷವನ್ನು ಪತ್ತೆಮಾಡಿತು. ಆ ಹಡಗಿನ ಹೆಸರು ‘ನಿರೀಕ್ಷಕ’. ಮೂಲದಲ್ಲಿ ಅದು ‘ನೋಡುವವನು’ ಎಂಬರ್ಥದ ಶಬ್ದ. ನಮ್ಮ ಕನ್ನಡದಲ್ಲಿಯಾದರೋ ನಿರೀಕ್ಷೆಯೆಂದರೆ ಕಾಯುವುದು. ನಾಲ್ಕೂವರೆ ತಿಂಗಳ ನಿರೀಕ್ಷೆಗೆ ನಿರೀಕ್ಷಕನು ತಂದ ಉತ್ತರ ಅದು. ದೋಣಿ ಸಿಕ್ಕಿತು, ಏಳು ಮಂದಿ ಮನೆಗೆ ಮರಳಲಿಲ್ಲ.

ಕಾದಂಬರಿಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ರಹಸ್ಯ ಬಿಡಿಸಿದಂತಾಯಿತಲ್ಲ! ಆದರೆ ಮನೆಯೊಳಗಿನ ಕಥೆ ಅಲ್ಲಿಂದಲೇ ಮೊದಲಾಗುತ್ತದೆ. ಶವವಿಲ್ಲದೆ ಸಂಸ್ಕಾರ ಹೇಗೆ? ಶಾಸ್ತ್ರವು ಇದಕ್ಕೊಂದು ದಾರಿ ಹೇಳಿದೆ: ದರ್ಭೆಯಿಂದಲೋ ಮುತ್ತುಗದೆಲೆಯ ತೊಟ್ಟುಗಳಿಂದಲೋ ಪ್ರತಿಕೃತಿಯನ್ನು ಮಾಡಿ ದಹಿಸಬೇಕು. ಕಾನೂನಿನದೂ ಒಂದು ದಾರಿಯುಂಟು: ಬದುಕಿದ್ದರೆ ಯಾರಿಗೆ ಸುದ್ದಿ ತಿಳಿಯಬೇಕಾಗಿತ್ತೋ ಅವರಿಗೆ ಏಳು ವರ್ಷ ಯಾವ ಸುದ್ದಿಯೂ ತಿಳಿಯದಿದ್ದರೆ ಆ ಮನುಷ್ಯನನ್ನು ಸತ್ತವನೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು, ಅದರ ಸ್ಥಾನದಲ್ಲಿ ಬಂದ 2023ರ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಏಳು ವರ್ಷವೆಂದರೆ ತೊಟ್ಟಿಲ ಕೂಸು ಶಾಲೆಗೆ ಹೋಗುವಷ್ಟು ಕಾಲ. ಅಷ್ಟು ಕಾಲವೂ ತಾಯಿಯೊಬ್ಬಳು ರಾತ್ರಿ ಬಾಗಿಲ ಸದ್ದಿಗೆ ಎದ್ದು ಕೂರಬಹುದು. ಆ ಬಾಗಿಲಲ್ಲಿ ಯಾರು ನಿಂತಿದ್ದರೂ, ನೆರಳಾಗಿ ನಿಂತಿದ್ದರೂ, ಅವಳು ಒಳಗೆ ಕರೆದಾಳು. ಪಟ್ಟಣದ ನಾವು ಭೂತ ಬಂದೀತೆಂದು ಬೆಚ್ಚುತ್ತೇವೆ; ಕಡಲೂರಿನವರು ಬರಲೆಂದು ದೀಪವಿಟ್ಟು ಕಾಯುತ್ತಾರೆ.

ನಮ್ಮ ತರುಣರು ರಹಸ್ಯ ಕಥೆಗಳನ್ನು ಓದಬಾರದೆಂದು ಇದರ ಅರ್ಥವಲ್ಲ. ಓದಲಿ, ಓದಿದ ಮೇಲೆ ಒಮ್ಮೆ ಪಡುಕರೆಗೂ ಹೋಗಿಬರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲೂ ರೌದ್ರ, ತೀರದಲ್ಲಿ ಸುಳಿಯುವುದು ಅಪಾಯ. ಶ್ರಾವಣದ ನೂಲು ಹುಣ್ಣಿಮೆಯ ಸುಮಾರಿಗೆ ಮೀನುಗಾರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ನಡೆಸುತ್ತಾರೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು. ಅದೃಷ್ಟವಿದ್ದರೆ ನೀಲಿ ಬೆಳಕು ಕಂಡೀತು. ಗುಡಿಯ ಬಳಿ, ಕೋಲದ ಅಂಗಳದಲ್ಲಿ ಛಾಯಾಚಿತ್ರಕ್ಕೆ ಅವಸರಪಡದೆ ಮೊದಲು ಊರವರ ಅನುಮತಿ ಕೇಳುವುದು ಸೌಜನ್ಯ.

ಹೋದವರು ರಾತ್ರಿಯ ಬೆಳಕನ್ನಷ್ಟೇ ನೋಡಿ ಮಲಗಿಬಿಡಬಾರದು. ಬೆಳಗಿನ ಜಾವಕ್ಕೆ ಎದ್ದು ನಾಡದೋಣಿಗಳು ಮರಳುವ ಹೊತ್ತಿಗೆ ದಡದಲ್ಲಿರಬೇಕು. ಬುಟ್ಟಿ ಹಿಡಿದು ನಿಂತ ಹೆಂಗಸರು ಮಾತಾಡುತ್ತಿದ್ದರೂ ಕಣ್ಣು ನೀರಿನ ಮೇಲೆಯೇ. ಮಂಜಿನೊಳಗಿಂದ ಒಂದು ದೋಣಿ ಮೂಡುತ್ತದೆ, ಬಳಿಕ ಎರಡು, ಬಳಿಕ ಐದು. ಯಾರೂ ಬೆರಳು ಮಡಿಚುವುದಿಲ್ಲ, ಆದರೆ ಎಲ್ಲರೂ ಎಣಿಸುತ್ತಿರುತ್ತಾರೆ. ಲೆಕ್ಕ ಸರಿಯಾದ ದಿನ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಕೊನೆಯ ದೋಣಿಯ ಮೂತಿ ಮರಳಿಗೆ ತಾಗಿದೊಡನೆ ಬಂಗುಡೆಯ ಬೆಲೆಗಾಗಿ ಜಗಳ ಶುರುವಾಗುತ್ತದೆ.