ನೀಲಗಿರಿಯ ದಾರಿಯಲ್ಲಿ ಒಂದು ಶಾಸನಪಾಠ

ನಮ್ಮ ಕಾಲೇಜಿನ ಕನ್ನಡ ವಿಭಾಗದಿಂದ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿಯಿದೆ. ಹಳೇಬೀಡು, ಶ್ರವಣಬೆಳಗೊಳ, ಬಾದಾಮಿ, ಹಂಪಿ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ರೂಢಿ. ಕಳೆದ ಬಾರಿ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಊಟಿಗೇ ಹೋಗಬೇಕೆಂದು ಹಟ ಹಿಡಿದರು. ಕನ್ನಡ ಸಾಹಿತ್ಯ ಓದುವವರಿಗೆ ಊಟಿಯಲ್ಲಿ ನೋಡುವುದೇನಿದೆ ಎಂದು ಪ್ರಾಂಶುಪಾಲರು ಕೇಳಿದಾಗ ಉತ್ತರ ಕೊಡುವ ಹೊಣೆ ನನ್ನ ಮೇಲೆ ಬಿತ್ತು. ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವನ್ನು ನಾನು ಅವರ ಮುಂದಿಟ್ಟೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ನೀಲಗಿರಿಯನ್ನು ಹೊಕ್ಕ ಸಂಗತಿ ಅದರಲ್ಲಿದೆ. ಆ ದಾರಿಯನ್ನೇ ಹಿಡಿದು ಹೋಗಿಬರುತ್ತೇವೆ ಎಂದೆ. ಅನುಮತಿ ದೊರೆಯಿತು. ನಿಜ ಹೇಳಬೇಕೆಂದರೆ, ಅದು ಆ ಕ್ಷಣಕ್ಕೆ ಹೊಳೆದ ನೆಪವಾಗಿತ್ತು. ಆದರೆ ಆ ನೆಪವೇ ಮೂರು ದಿನಗಳಲ್ಲಿ ನನ್ನ ಇಪ್ಪತ್ತೈದು ವರ್ಷಗಳ ಪಾಠವನ್ನು ಮರುಪರಿಶೀಲಿಸುವಂತೆ ಮಾಡಿತು.

ಫೆಬ್ರವರಿಯ ಒಂದು ಮುಂಜಾನೆ ಮೈಸೂರಿನಿಂದ ಚಾಮರಾಜನಗರದ ರೈಲು ಹಿಡಿದೆವು. ಇಪ್ಪತ್ತೆಂಟು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುವಾಗ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯನ್ನು ತೋರಿಸಿದೆ. ಚಾಮರಾಜನಗರದಲ್ಲಿ ಇಳಿದು ನೇರವಾಗಿ ಬಸದಿಗೆ ಹೋದೆವು. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂಬ ಕಾರಣಕ್ಕೆ ಈಗಿನ ಹೆಸರನ್ನಿಡುವ ಮೊದಲು ಈ ಊರು ಅರಿಕುಠಾರವಾಗಿತ್ತು.

ಶಾಸನವನ್ನು ನಾನು ಎಂದಿನ ಉತ್ಸಾಹದಿಂದಲೇ ವಿವರಿಸಿದೆ. ಪುಣಿಸಮಯ್ಯನು ತೋದವರನ್ನು ಬೆದರಿಸಿದನು, ಕೊಂಗರನ್ನು ಅಡಗಿಸಿದನು, ಮಲೆಯಾಳರನ್ನು ಸಂಹರಿಸಿದನು, ನೀಲಪರ್ವತವನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಅರ್ಪಿಸಿದನು ಎಂಬುದು ಅದರ ಒಂದು ಭಾಗದ ಸಾರ. ತೋದವರ ಹೆಸರು ದೊರೆಯುವ ಅತಿ ಹಳೆಯ ದಾಖಲೆಯೆಂದು ವಿದ್ವಾಂಸರು ಗುರುತಿಸಿರುವುದು ಇದನ್ನೇ. ಇದೇ ಶಾಸನದ ಇನ್ನೊಂದು ಭಾಗದಲ್ಲಿ ಬೇರೊಬ್ಬ ಪುಣಿಸಮಯ್ಯನಿದ್ದಾನೆ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಒಡೆತನ ಕಳೆದುಕೊಂಡ ಕಿರಾತ ನಾಯಕನಿಗೆ, ಕೆಲಸ ಹೋದ ಸೇವಕನಿಗೆ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದವನು ಅವನು. ಗಂಗವಾಡಿಯ ಬಸದಿಗಳನ್ನು ಅಲಂಕರಿಸಿದವನೂ ಅವನೇ. ಶೌರ್ಯ ಮತ್ತು ಔದಾರ್ಯ ಒಂದೇ ವ್ಯಕ್ತಿಯಲ್ಲಿ ಸೇರಿದ ಆದರ್ಶವನ್ನು ಇಲ್ಲಿ ಕಾಣಬಹುದೆಂದು ಹೇಳಿ ಮುಗಿಸಿದೆ. ಪ್ರತಿವರ್ಷವೂ ಹೀಗೆಯೇ ಮುಗಿಸುತ್ತಿದ್ದೆ.

ಬಾಡಿಗೆ ಬಸ್ಸು ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡನ್ನು ಹೊಕ್ಕಿತು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳಿಗೆ ಈ ದಾರಿ ಮುಚ್ಚಿರುತ್ತದೆ. ತೆಪ್ಪಕಾಡಿನಲ್ಲಿ ಮೋಯಾರ್ ನದಿಯನ್ನು ದಾಟಿ, ಗೂಡಲೂರಿನಲ್ಲಿ ಊಟ ಮುಗಿಸಿ, ನಡುವಟ್ಟಂ ಕಡೆಗೆ ಹತ್ತತೊಡಗಿದೆವು. ಚಹಾ ತೋಟಗಳ ನಡುವೆ ಎತ್ತರದ ಬಿಳಿಕಾಂಡದ ಮರಗಳು ಕಾಣಿಸಿದೊಡನೆ ಹುಡುಗರು, 'ನೀಲಗಿರಿಯಲ್ಲಿ ನೀಲಗಿರಿ ಮರ!' ಎಂದು ಕೂಗಿದರು. ಆ ಮರ ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ಬಂದದ್ದು, ಈ ಬೆಟ್ಟದ ಮೂಲ ಸ್ವರೂಪವೆಂದರೆ ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿನ ಶೋಲಾ ಕಾಡು ಎಂದು ನಾನು ಹೇಳಿದೆ. ಬೆಟ್ಟದ ಹುಲ್ಲುಗಾವಲನ್ನು ನುಂಗಿದ ಮರಕ್ಕೆ ನಾವು ಕನ್ನಡಿಗರು ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ. ದೂರದಿಂದ ನೋಡಿ ಹೆಸರಿಡುವ ಅಭ್ಯಾಸಕ್ಕೆ ಇದೊಂದು ಉದಾಹರಣೆ ಎಂದು ಆಗ ನನಗೆ ಅನ್ನಿಸಲಿಲ್ಲ, ಹಿಂದಿರುಗುವಾಗ ಅನ್ನಿಸಿತು.

ಎರಡನೆಯ ದಿನ ಬೆಳಿಗ್ಗೆ 2637 ಮೀಟರ್ ಎತ್ತರದ ದೊಡ್ಡಬೆಟ್ಟದ ಮೇಲಿದ್ದೆವು. ತಮಿಳುನಾಡಿನ ನಡುವೆ ಅಚ್ಚಗನ್ನಡದ ಹೆಸರು ಕಂಡು ವಿದ್ಯಾರ್ಥಿಗಳಿಗೆ ಹಿಗ್ಗು. 'ಹಾಗಾದರೆ ಸರ್, ಇದು ನಮ್ಮದೇ ಅಲ್ಲವೇ?' ಎಂದು ಒಬ್ಬ ಕೇಳಿದ. ನಾನು ತಿದ್ದಲಿಲ್ಲ; ಮುಗುಳ್ನಕ್ಕೆ. ಅಲ್ಲಿಂದ ಊಟಿಯ ಸಮೀಪದ ತೋದವರ ಒಂದು ನೆಲೆಗೆ ಹೋದೆವು. ಅಂತಹ ನೆಲೆಯನ್ನು ಮಂದು ಎನ್ನುತ್ತಾರೆ. ಉದಕಮಂಡಲವೆಂಬ ಹೆಸರಿನ ಕೊನೆಯಲ್ಲಿರುವುದೂ ಆ ಮಂದುವೇ. ಬಿದಿರು, ಬೆತ್ತ ಮತ್ತು ಹುಲ್ಲಿನಿಂದ ಕಮಾನಿನಂತೆ ಬಾಗಿಸಿ ಕಟ್ಟಿದ ಗುಡಿ, ಬಗ್ಗಿ ನುಸುಳಬೇಕಾದಷ್ಟು ಕಿರಿದಾದ ಬಾಗಿಲು, ಸುತ್ತಲೂ ಕಲ್ಲಿನ ಗೋಡೆ. ಬಿಳಿಯ ಹೊದಿಕೆಯ ಮೇಲೆ ಕೆಂಪು ಕಪ್ಪು ನೂಲಿನಿಂದ ಕಸೂತಿ ಹಾಕುತ್ತ ಇಬ್ಬರು ಹೆಂಗಸರು ಬಿಸಿಲಿಗೆ ಕುಳಿತಿದ್ದರು. ನಾವು ದೂರದಲ್ಲಿಯೇ ನಿಂತು ನೋಡಿದೆವು.

ನಾನು ತೋದವರ ಬಗ್ಗೆ ಓದಿದ್ದನ್ನು ಹೇಳತೊಡಗಿದೆ. ರಿವರ್ಸ್ 1906ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ, ಎಮಿನೋ 1930ರ ದಶಕದಲ್ಲಿ ಇಲ್ಲಿಯೇ ನೆಲೆಸಿ ಅವರ ಭಾಷೆಯನ್ನೂ ನೂರಾರು ಹಾಡುಗಳನ್ನೂ ಸಂಗ್ರಹಿಸಿದ್ದು, ಎಮ್ಮೆಯೇ ಅವರ ಬದುಕಿನ ಮತ್ತು ಧರ್ಮದ ಕೇಂದ್ರವಾಗಿರುವುದು, ಪರಂಪರೆಯಿಂದ ಅವರು ಮಾಂಸಾಹಾರಿಗಳಲ್ಲದಿರುವುದು. ಅವರಲ್ಲಿ ಬಿಲ್ಲುಬಾಣ ಇದೆಯಾದರೂ ಅದು ಯುದ್ಧಕ್ಕಲ್ಲ, ಬಸುರಿಗೆ ಮಾಡುವ ಒಂದು ಶಾಸ್ತ್ರಕ್ಕೆ. ಬಿಲ್ಲನ್ನು ಕೊಟ್ಟವನೇ ಮಗುವಿನ ತಂದೆ ಎಂದು ಪರಿಗಣಿಸುತ್ತಾರೆ ಎಂದೂ ಹೇಳಿದೆ.

ಹಿಂದೆ ನಿಂತಿದ್ದ ಒಬ್ಬ ವಿದ್ಯಾರ್ಥಿನಿ, ತರಗತಿಯಲ್ಲಿ ಎಂದೂ ಬಾಯಿ ತೆರೆಯದವಳು, ಕೇಳಿದಳು: 'ಸರ್, ಆಯುಧವಿಲ್ಲದ, ಹಾಲು ಕುಡಿದು ಬದುಕುವ ಜನರನ್ನು ಬೆದರಿಸಿದ್ದು ಶೌರ್ಯ ಹೇಗಾಗುತ್ತದೆ?'

ಸಂಶೋಧಕನ ಉತ್ತರ ನನ್ನ ಬಳಿ ಸಿದ್ಧವಿತ್ತು. ರಿವರ್ಸ್ ಕಂಡ ತೋದವರೂ ಹನ್ನೆರಡನೆಯ ಶತಮಾನದ ತೋದವರೂ ಒಂದೇ ರೀತಿ ಬದುಕುತ್ತಿದ್ದರೆಂದು ಹೇಳುವಂತಿಲ್ಲ. ಎಂಟುನೂರು ವರ್ಷಗಳ ಅಂತರವನ್ನು ಹಾಗೆ ಹಾರಲಾಗದು. ಪ್ರಶಸ್ತಿ ಶಾಸನದ ಭಾಷೆಗೆ ಅದರದೇ ಆದ ಉತ್ಪ್ರೇಕ್ಷೆಯ ರೂಢಿಯಿದೆ. ಇವೆರಡನ್ನೂ ಹೇಳಿದೆ. ಎರಡೂ ಸರಿಯಾದ ಮಾತುಗಳೇ. ಆದರೆ ಅವಳು ಕೇಳಿದ್ದು ಅದನ್ನಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಬಸದಿಯ ಅಂಗಳದಲ್ಲಿ, ಬೆದರಿದವರು ಯಾರೆಂದು ಒಮ್ಮೆಯೂ ಕೇಳದೆ, ಇಷ್ಟು ವರ್ಷ ನಾನು ಆ ಸಾಲನ್ನು ಹೆಮ್ಮೆಯಿಂದ ಓದಿದ್ದೆ. ಜೈನ ದಂಡನಾಯಕರ ಕತ್ತಿಗೂ ವ್ರತಕ್ಕೂ ಇರುವ ಸಂಬಂಧದ ಬಗ್ಗೆ ವಿಚಾರಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿದವನು ನಾನು. ಗೃಹಸ್ಥನಿಗೆ ವಿರೋಧಿಹಿಂಸೆ ಅನಿವಾರ್ಯವೆಂಬ ಸಮಾಧಾನವೂ ನನಗೆ ತಿಳಿದಿದೆ. ಆ ಸಮಾಧಾನ ಎದುರು ಬಂದ ಶತ್ರುವಿಗೆ ಅನ್ವಯಿಸುತ್ತದೆ. ಬೆಟ್ಟದ ಮೇಲೆ ಎಮ್ಮೆ ಕಾಯುತ್ತಿದ್ದವರು ಯಾರ ಎದುರು ಬಂದಿದ್ದರು?

ಮಧ್ಯಾಹ್ನ ಎರಡು ಗಂಟೆಗೆ ಊಟಿಯಿಂದ ಮೆಟ್ಟುಪಾಳಯಕ್ಕೆ ಇಳಿಯುವ ಪರ್ವತ ರೈಲನ್ನು ಹತ್ತಿದೆವು. ಕೆಳಗಿನಿಂದ ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ತೆರೆದ ಮಾರ್ಗವಿದು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 46 ಕಿಲೋಮೀಟರಿನಲ್ಲಿ 208 ತಿರುವುಗಳು, 16 ಸುರಂಗಗಳು. ಹತ್ತಿರದ ಹಳ್ಳಿಗಳ ಜನರೂ ಇದರಲ್ಲಿ ಓಡಾಡುತ್ತಾರೆ. ನಮ್ಮ ಡಬ್ಬಿಯಲ್ಲಿ ಬಿಳಿಯ ಸೀರೆಯುಟ್ಟು, ತಲೆಗೆ ಬಿಳಿಯ ವಸ್ತ್ರ ಕಟ್ಟಿದ್ದ ಒಬ್ಬ ಬಡಗ ಮುದುಕಿ ಕುಳಿತಿದ್ದರು. ಅರುವಂಕಾಡಿನ ಮಗಳ ಮನೆಗೆ ಹೊರಟಿದ್ದರು. ನಮ್ಮ ಮಾತು ಕಿವಿಗೆ ಬಿದ್ದು ಅವರೇ ಮಾತನಾಡಿಸಿದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೇತಿ ಕಣಿವೆ ಬಂದಾಗ ಕೈಚಾಚಿ ತಮ್ಮ ಹಟ್ಟಿಯನ್ನು ತೋರಿಸಿದರು. ಹುಡುಗರಿಗೆ ವಿನೋದವಾಗಿತ್ತು. ಒಬ್ಬ ಮೆಲ್ಲಗೆ, 'ಅಜ್ಜಿಯದು ಮುರುಕು ಕನ್ನಡ' ಎಂದ. ಕೆಲವರು ನಕ್ಕರು. ನನ್ನ ತುಟಿಯ ಮೇಲೂ ನಗೆ ಬಂದಿತ್ತು. ಅಜ್ಜಿ ಅದನ್ನು ಕಂಡರು. ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು.

ಆ ನಗೆಯನ್ನು ಹಿಂದಕ್ಕೆ ಪಡೆಯುವ ಉಪಾಯ ನನಗೆ ತಿಳಿದಿರಲಿಲ್ಲ. ಆಗ ನೆನಪಾದದ್ದು ಎಮಿನೋ 1939ರಲ್ಲಿ ಬಡಗ ಭಾಷೆಯ ಸ್ವರಗಳ ಬಗ್ಗೆ ಬರೆದ ಲೇಖನ. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳು, ಅದರಲ್ಲಿಯೂ ಎರಡು ಪ್ರಮಾಣದವು, ಬಡಗದಲ್ಲಿವೆ ಎಂದು ಅವರು ತೋರಿಸಿದ್ದರು. ಜಗತ್ತಿನ ಭಾಷೆಗಳಲ್ಲಿಯೇ ಇದು ಅಪರೂಪ. ನಮ್ಮ ಬಾಯಿ, ಬಳೆ, ಬೆಳೆ ಎಂಬ ಮೂರು ಪದಗಳಿಗೆ ಬಡಗದಲ್ಲಿರುವ ರೂಪಗಳು ಹೊರಗಿನವರ ಕಿವಿಗೆ ಒಂದೇ 'ಬೆ'ಯಾಗಿ ಕೇಳಿಸುತ್ತವೆ. ಸ್ವರದ ಮಡಿಕೆಯ ಪ್ರಮಾಣವೊಂದೇ ಅವುಗಳನ್ನು ಬೇರ್ಪಡಿಸುತ್ತದೆ. ಹೊಸ ತಲೆಮಾರಿನಲ್ಲಿ ಈ ವ್ಯತ್ಯಾಸ ಅಳಿಯುತ್ತಿದೆ ಎಂದೂ ಓದಿದ್ದೆ. ನಾನು ಎದ್ದು ಹೋಗಿ ಅಜ್ಜಿಯ ಎದುರು ಕುಳಿತು, ನನ್ನ ಬಾಯಿ ಮುಟ್ಟಿ ತೋರಿಸಿದೆ, ಅವರ ಬಳೆ ತೋರಿಸಿದೆ, ಕಣಿವೆಯ ಮೆಟ್ಟಿಲು ಹೊಲಗಳಲ್ಲಿನ ಪೈರನ್ನು ತೋರಿಸಿದೆ; ಏನೆನ್ನುತ್ತೀರಿ ಎಂದು ಕೇಳಿದೆ. ಅವರು ಮೊದಲು ಸಂಶಯದಿಂದ ನೋಡಿದರು. ಅನಂತರ ಮೂರನ್ನೂ ಹೇಳಿದರು. ನನಗೆ ಮೂರೂ ಒಂದೇ ಆಗಿ ಕೇಳಿಸಿದವು. ಮತ್ತೆ ಹೇಳಿಸಿದೆ. ಮತ್ತೆಯೂ ಹಾಗೆಯೇ. ನಾನು ಅನುಕರಿಸಲು ಹೋದಾಗ ಅಜ್ಜಿ ಜೋರಾಗಿ ನಕ್ಕರು. ಪೈರನ್ನು ಹೇಳಲು ಹೋಗಿ ನಾನು ಏನು ಹೇಳಿದೆನೋ! ಆಗ ಇಡೀ ಡಬ್ಬಿ ನಕ್ಕಿತು. ಈ ಬಾರಿ ನನ್ನನ್ನು ನೋಡಿ.

ಅರುವಂಕಾಡು ಬರುವವರೆಗೆ ವಿದ್ಯಾರ್ಥಿಗಳು ಅಜ್ಜಿಯನ್ನು ಬಿಡಲಿಲ್ಲ. ಈ ಬೆಟ್ಟಸೀಮೆಯನ್ನು ತಮ್ಮವರು 'ನಾಕುಬೆಟ್ಟ' ಎನ್ನುವುದನ್ನು ಅವರೇ ಹೇಳಿದರು. ಅವರು ಇಳಿದ ಮೇಲೆ ನಾನು ಒಂದೆರಡು ಮಾತು ಹೇಳಿದೆ. ಹಳಗನ್ನಡದ 'ಪಟ್ಟಿ' ನಮ್ಮಲ್ಲಿ 'ಹಟ್ಟಿ'ಯಾದ ಮೇಲೆಯೇ ಬಡಗ ಕನ್ನಡದಿಂದ ಬೇರೆಯಾಗಿರಬೇಕು. ಪಕಾರ ಹಕಾರವಾಗುವ ಬದಲಾವಣೆಯನ್ನು ಎರಡೂ ಹಂಚಿಕೊಂಡಿವೆ. ವಿಜಯನಗರದ ಪತನಾನಂತರ ಮೈಸೂರು ಸೀಮೆಯಿಂದ ಬಂದವರು, ಬಡಗಣ ದಿಕ್ಕಿನವರಾದುದರಿಂದ ಬಡಗರು ಎಂಬುದು ಬಹುಕಾಲ ಪ್ರಚಲಿತವಾಗಿದ್ದ ಅಭಿಪ್ರಾಯ; ತಾವು ಇಲ್ಲಿಯ ಮೂಲನಿವಾಸಿಗಳೇ ಎನ್ನುವ ಬಡಗರೂ ಇದ್ದಾರೆ. 1603ರಲ್ಲಿ ಬೆಟ್ಟ ಹತ್ತಿದ ಜೆಸೂಟ್ ಪಾದ್ರಿ ಫಿನಿಸಿಯೋ ತೋದವರನ್ನೂ ಬಡಗರನ್ನೂ ಇಲ್ಲಿ ಕಂಡಿದ್ದನು. ಬೇರೆಯಾದ ಮೇಲೆ ಆ ನುಡಿ ತನ್ನ ದಾರಿಯಲ್ಲಿ ಬೆಳೆದಿದೆ, ನಮ್ಮದು ನಮ್ಮ ದಾರಿಯಲ್ಲಿ. ಮುರಿದದ್ದು ಅವರ ಕನ್ನಡವಲ್ಲ. ಕೇಳಲಾರದ್ದು ನಮ್ಮ ಕಿವಿ. ನಕ್ಕ ಹುಡುಗ ತಲೆ ತಗ್ಗಿಸಿದ. ನೀನೊಬ್ಬನೇ ಅಲ್ಲ, ನಾನೂ ನಕ್ಕೆ ಎಂದೆ.

ಕೂನೂರಿನಲ್ಲಿ ಎಂಜಿನ್ ಬದಲಾಯಿತು. ಅಲ್ಲಿಂದ ಕಲ್ಲಾರಿನವರೆಗೆ ಹನ್ನೆರಡು ಅಡಿಗೆ ಸುಮಾರು ಒಂದು ಅಡಿಯಂತೆ ಇಳಿಯುವ ಕಡಿದಾದ ಇಳಿಜಾರು. ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹಿಡಿಯುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಎಂಜಿನ್ ಡಬ್ಬಿಗಳ ಕೆಳಬದಿಯಲ್ಲಿಯೇ ಇರುತ್ತದೆ. ಹತ್ತುವಾಗ ತಳ್ಳುತ್ತದೆ, ಇಳಿಯುವಾಗ ಬೆನ್ನು ಕೊಟ್ಟು ತಡೆಯುತ್ತದೆ. ಪ್ರತಿ ಡಬ್ಬಿಯ ಮುಂದಿನ ಮೊಗಸಾಲೆಯಲ್ಲಿಯೂ ಒಬ್ಬ ಬ್ರೇಕಿನವನು ಬಾವುಟ ಹಿಡಿದು ನಿಂತಿದ್ದನು. ಹುಡುಗರು ಸುರಂಗ ಬಂದಾಗಲೆಲ್ಲ ಕೂಗಿದರು. ನಾನು ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಯೋಚಿಸುತ್ತಿದ್ದೆ. ಶಾಸನ ಕೊರೆಸಿದವನು ಬೆಟ್ಟವನ್ನು ಕೆಳಗಿನಿಂದ ನೋಡಿದ್ದನು. ನಾನು ಶಾಸನವನ್ನು ಅವನ ಪಕ್ಕದಲ್ಲಿ ನಿಂತು ಓದಿದ್ದೆ. ಅಜ್ಜಿಯ ಮಾತನ್ನು ಕೇಳಿದ್ದೂ ಅಲ್ಲಿಯೇ ನಿಂತು.

ಮೂರನೆಯ ದಿನ ಮೆಟ್ಟುಪಾಳಯದಿಂದ ಸತ್ಯಮಂಗಲ ಮಾರ್ಗವಾಗಿ ಹೊರಟು, ದಿಂಬಂ ಘಾಟಿನ 27 ತಿರುವುಗಳನ್ನು ಹತ್ತಿ, ಹಾಸನೂರಿನ ಮೇಲೆ ಸಂಜೆಗೆ ಮುಂಚೆ ಚಾಮರಾಜನಗರ ಸೇರಿದೆವು. ರೈಲಿಗೆ ಇನ್ನೂ ಸಮಯವಿತ್ತು. ನಾನೇ ಮತ್ತೊಮ್ಮೆ ಬಸದಿಗೆ ಹೋಗೋಣವೆಂದೆ. ಪ್ರಶ್ನೆ ಕೇಳಿದವಳ ಕೈಗೆ ಶಾಸನದ ಪಾಠವಿದ್ದ ಹಾಳೆ ಕೊಟ್ಟು ಓದಿಸಿದೆ. ತೋದವರ ಹೆಸರು ಬಂದಲ್ಲಿ ಅವಳು ಒಂದು ಕ್ಷಣ ನಿಂತಳು, ಮುಂದೆ ಓದಿದಳು. ಬೀಜವಿಲ್ಲದ ಒಕ್ಕಲಿಗನ ಸಾಲಿಗೆ ಬಂದಾಗ, 'ಇದನ್ನೂ ಅವನೇ ಮಾಡಿದನಲ್ಲ ಸರ್' ಎಂದಳು. ಹೌದು, ಅವನೇ ಮಾಡಿದ್ದು. ಪುಣಿಸಮಯ್ಯನನ್ನು ಖಂಡಿಸುವುದು ಸುಲಭ, ಹೊಗಳುವುದೂ ಸುಲಭ. ಕಳೆದುಕೊಂಡವರಿಗೆ ಮರಳಿ ಕೊಡುವುದನ್ನು ಬಲ್ಲವನೇ ಬೆಟ್ಟದ ಮೇಲಿನವರಿಗೆ ಭಯವನ್ನು ಕೊಂಡೊಯ್ದ. ಎರಡೂ ಒಂದೇ ಶಾಸನದಲ್ಲಿವೆ, ಎರಡನ್ನೂ ಓದಬೇಕು.

ಈ ವರ್ಷವೂ ಆ ಶಾಸನವನ್ನು ಪಾಠ ಮಾಡಿದೆ. ಶೌರ್ಯ ಮತ್ತು ಔದಾರ್ಯದ ಆದರ್ಶವೆಂಬ ಮಾತಿನಿಂದ ಮುಗಿಸಲಿಲ್ಲ. ತೋದವರಲ್ಲಿ ಶಾಸನಗಳಿಲ್ಲ, ಹಾಡುಗಳಿವೆ. ಬದುಕಿನ ಮುಖ್ಯ ಘಟನೆಗಳನ್ನೆಲ್ಲ ಅವರು ಹಾಡಿನಲ್ಲಿ ಹಿಡಿದಿಡುತ್ತಾರೆ, ಅವುಗಳ ಸಂಗ್ರಹ ಮತ್ತು ಅನುವಾದ 1971ರಲ್ಲಿ ಅಚ್ಚಾಗಿದೆ ಎಂದು ಹೇಳಿ, ಗ್ರಂಥಾಲಯದಿಂದ ತರಿಸಿದ್ದ ಆ ಪುಸ್ತಕವನ್ನು ಮೇಜಿನ ಮೇಲೆ ಶಾಸನಸಂಪುಟದ ಪಕ್ಕದಲ್ಲಿ ಇಟ್ಟೆ. ಒಂದನ್ನು ಓದಲು ನನಗೆ ಬರುತ್ತದೆ. ಇನ್ನೊಂದನ್ನು ಕಲಿಯಬೇಕಾಗಿದೆ.